ಕಾರ್ನಿಯಾ ಎಷ್ಟು ದಪ್ಪ ಅಂತ ಮಾತ್ರ ಕೇಳ್ಬೇಡಿ, ನೇಯ್ಗೆ ಹೇಗಿದೆ ಅಂತ ಕೇಳಿ

ಮುಂಬೈ ಹತ್ರದ ಡೊಂಬಿವಲಿ ಈಸ್ಟಲ್ಲಿ ಸ್ಟೇಷನ್ನಿಂದ ಹತ್ತು ನಿಮಿಷ ನಡೆದ್ರೆ ನಮ್ಮ ಕನ್ನಡಕದಂಗಡಿ. ಹಿಂದ್ಗಡೆ ಒಂದು ಪುಟ್ಟ ಕತ್ತಲೆ ರೂಮಿದೆ, ಅಲ್ಲೇ ಕೂತು 14 ವರ್ಷದಿಂದ ಜನರ ಕಣ್ಣು ನೋಡ್ತಾ ಇದೀನಿ. ನಾನು ಡಾಕ್ಟ್ರಲ್ಲ, ಆಪ್ಟೋಮೆಟ್ರಿ ಓದಿದೋನು, ನಂಬರ್ ತೆಗೆಯೋದು, ಡೌಟ್ ಬಂದ್ರೆ ಕಣ್ಣಿನ ಡಾಕ್ಟ್ರ ಹತ್ರ ಕಳಿಸೋದು, ಅಷ್ಟೇ ನನ್ನ ಕೆಲ್ಸ. ಅಂಗಡಿಗೆ ಬರೋ ಕನ್ನಡದವ್ರು ಜಾಸ್ತಿ ನಮ್ಮ ಕುಂದಾಪ್ರ, ಉಡುಪಿ ಕಡೆಯವ್ರು, ಹೋಟೆಲ್‌ನವ್ರು, ಬ್ಯಾಂಕಿಂದ ರಿಟೈರ್ ಆದೋರು, ಈಚೆಗೆ ಐರೋಲಿಗೆ ಐಟಿ ಕೆಲ್ಸಕ್ಕೆ ಹೋಗೋ ಹುಡುಗ ಹುಡುಗಿಯರು. ಈ ಹುಡುಗ್ರದ್ದು ಒಂದೇ ಪ್ರಶ್ನೆ: "ಅಣ್ಣಾ, ನನ್ನ ಕಾರ್ನಿಯಾ 515 ಇದೆಯಂತೆ, ಲೇಸಿಕ್ ಮಾಡಿಸ್ಬಹುದಲ್ಲಾ?" ಕಾರ್ನಿಯಾ ಅಂದ್ರೆ ಕಣ್ಣಿನ ಮುಂದಿರೋ ಗಾಜಿನಂಥ ಪೊರೆ, 515 ಅನ್ನೋದು ಅದ್ರ ದಪ್ಪ, ಮೈಕ್ರಾನಲ್ಲಿ, ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ. ಲೇಸಿಕ್ ಅಂದ್ರೆ ಕನ್ನಡಕದ ನಂಬರ್ ಹೋಗ್ಲಿ ಅಂತ ಆ ಪೊರೆಯನ್ನ ಲೇಸರಿಂದ ಕೆತ್ತೋ ಆಪರೇಷನ್ನು.

ಲೋಕಲ್ ಡಬ್ಬಿಯಲ್ಲಿ ಹ್ಯಾಂಡಲ್ ಹಿಡ್ಕೊಂಡು ತಲೆ ಎತ್ತಿದ್ರೆ ಸಾಕು, ಚಷ್ಮಾ ತೆಗೆಸೋ ಜಾಹೀರಾತು ಕಣ್ಣೆದುರಿಗೇ ಇರತ್ತೆ. ಅದನ್ನ ನೋಡಿ ನೋಡಿ ಜನಕ್ಕೆ ತಲೆಗೆ ಹೋಗಿರೋದು ಒಂದೇ ಲೆಕ್ಕ, ಕಾರ್ನಿಯಾ ದಪ್ಪ ಇದ್ರೆ ಗಟ್ಟಿ, ತೆಳು ಇದ್ರೆ ವೀಕು. ನಂಗೆ ಇದು ಸೀರೆ ಅಂಗಡಿಗೆ ಹೋಗಿ "ಇದು ಎಷ್ಟು ಗ್ರಾಮ್ ತೂಕ ಇದೆ" ಅಂತ ಮಾತ್ರ ಕೇಳ್ಕೊಂಡು ಬಂದಂಗೆ ಅನ್ಸತ್ತೆ. ನೂಲು ಯಾವ್ದು, ಹಾಸು ಹೊಕ್ಕು ಹೇಗಿದೆ, ಎಳೆದ್ರೆ ಎಳೆ ಬಿಡತ್ತಾ, ಇದ್ಯಾವ್ದೂ ಬೇಡ್ವಾ? ಕಾರ್ನಿಯಾದ ನೂಲು ಕೊಲಾಜೆನ್, ಹೌದು, ಚರ್ಮಕ್ಕೆ ಒಳ್ಳೇದು ಅಂತ ಡಬ್ಬಿಯಲ್ಲಿ ಮಾರ್ತಾರಲ್ಲ ಅದೇ ಹೆಸರಿನದ್ದು. ಆದ್ರೆ ಕಣ್ಣಲ್ಲಿ ಆಟ ಇರೋದು ಎಷ್ಟು ಕೊಲಾಜೆನ್ ಅನ್ನೋದಕ್ಕಿಂತ ಅದು ಹೇಗೆ ಹೆಣೆದುಕೊಂಡಿದೆ, ಎಷ್ಟು ಗಟ್ಟಿಯಾಗಿ ಒಂದಕ್ಕೊಂದು ಕಟ್ಟಿಕೊಂಡಿದೆ ಅನ್ನೋದ್ರಲ್ಲಿ.

ಇದನ್ನ ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ, ಆದ್ರೆ ತಲೆಗೆ ಹೊಕ್ಕಿದ್ದು ನಾನೇ ಒಂದು ತಪ್ಪು ಮಾಡಿದ್ಮೇಲೆ.

ನಮ್ಮ ಬಿಲ್ಡಿಂಗಿನಲ್ಲೇ ಇರೋ ಒಬ್ರು, ಹೋಟೆಲಲ್ಲಿ ಕ್ಯಾಶಿಗೆ ಕೂರೋರು, ಮಗನ್ನ ಕರ್ಕೊಂಡು ಬಂದ್ರು. ಹುಡುಗಂಗೆ ಆಗ 16 ವರ್ಷ. ಬಲಗಣ್ಣಿಗೆ ಸಿಲಿಂಡರ್ ಮೈನಸ್ 1 (ಸಿಲಿಂಡರ್ ಅಂದ್ರೆ ಕಣ್ಣು ಎಲ್ಲಾ ದಿಕ್ಕಿಗೂ ಒಂದೇ ತರ ಬಾಗಿಲ್ದೇ ಇದ್ರೆ ಬರೋ ನಂಬರು), ಕನ್ನಡಕ ಮಾಡಿ ಕೊಟ್ಟೆ. ಏಳು ತಿಂಗಳಿಗೆ ಮತ್ತೆ ಬಂದ, 1.75. "ಮೊಬೈಲ್ ನೋಡಿ ನೋಡಿ ಹಾಳಾಯ್ತು ಕಾಣಿ ಮಾರಾಯ್ರೆ" ಅಂದ್ರು ಅಪ್ಪ, ನಾನೂ ಹೌದು ಹೌದು ಅಂದೆ, ಗ್ಲಾಸ್ ಬದಲಾಯ್ಸಿ ಕೊಟ್ಟೆ. ಮತ್ತೆ ಎಂಟು ತಿಂಗಳಿಗೆ ಬಂದಾಗ 2.75, ಅಷ್ಟು ಹಾಕಿದ್ರೂ ಬೋರ್ಡಿನ ಕೊನೇ ಸಾಲು ಬರ್ಲಿಲ್ಲ, ಅಕ್ಷರದ ಕೆಳಗೆ ನೆರಳು ಕಾಣತ್ತೆ ಅಂದ. ಆವತ್ತು ಕಂಪ್ಯೂಟರ್ ಮಿಷಿನ್ ಬಿಟ್ಟು ಕೈಯಲ್ಲಿ ರೆಟಿನೋಸ್ಕೋಪ್ ಹಿಡ್ಕೊಂಡು ನೋಡ್ದೆ. ಇದ್ರಲ್ಲಿ ಏನು ಮಾಡ್ತೀವಿ ಅಂದ್ರೆ ಒಂದು ಗೆರೆ ಬೆಳಕನ್ನ ಕಣ್ಣಿಗೆ ಬಿಟ್ಟು ಆ ಕಡೆ ಈ ಕಡೆ ನಿಧಾನ ಅಲ್ಲಾಡಿಸ್ತೀವಿ, ಪಾಪೆಯೊಳಗೆ ಕೆಂಪು ಹೊಳಪು ಕಾಣತ್ತೆ, ಸರಿ ಇರೋ ಕಣ್ಣಲ್ಲಿ ಆ ಹೊಳಪು ಇಡಿಯಾಗಿ ಒಂದೇ ದಿಕ್ಕಿಗೆ ಸರಿಯತ್ತೆ. ಇವನ ಕಣ್ಣಲ್ಲಿ ಅದು ಎರಡು ತುಂಡಾಗಿ, ಕತ್ತರಿ ಬಾಯಿ ಮುಚ್ಚಿದಂಗೆ ಎರಡೂ ಕಡೆಯಿಂದ ಬಂದು ನಡುವೆ ಸೇರ್ತು. ಮತ್ತೆ ತೆರೀತು, ಮತ್ತೆ ಮುಚ್ತು. ನಂಗೆ ಕೈ ತಣ್ಣಗಾಯ್ತು, ಯಾಕಂದ್ರೆ ಈ ಕತ್ತರಿ ಮೊದಲ ಸಲವೇ ಇತ್ತೋ ಏನೋ, ನಾನು ನೋಡೇ ಇರ್ಲಿಲ್ಲ.

ಸ್ಕ್ಯಾನಿಗೆ ಕಳಿಸ್ದೆ. ಕಾರ್ನಿಯಾದ ಮ್ಯಾಪಲ್ಲಿ ಕೆಳಗಡೆ ಒಂದು ಕೆಂಪು ಗುಡ್ಡ. ಕೆರಟೋಕೋನಸ್, ಅಂದ್ರೆ ದುಂಡಗಿರಬೇಕಾದ ಕಾರ್ನಿಯಾ ಒಂದು ಜಾಗದಲ್ಲಿ ತೆಳುವಾಗಿ ಶಂಕುವಿನ ತರ ಮುಂದಕ್ಕೆ ಉಬ್ಬೋದು. ಸೈಕಲ್ ಟಯರು ಒಂದು ಕಡೆ ಸವೆದು ಅಲ್ಲಿಂದ ಟ್ಯೂಬು ಗುಳ್ಳೆಯಂಗೆ ಹೊರಗೆ ಇಣುಕತ್ತಲ್ಲ, ಹಾಗೆ. ಗಾಳಿ ಅಷ್ಟೇ ಇರತ್ತೆ, ಟಯರು ಮಾತ್ರ ಸೋತಿರತ್ತೆ.

ಈಗ ಆ ಟಯರಿನ ವಿಷ್ಯಕ್ಕೆ ಬರೋಣ.

ಈ ಗಾಜಿನಂಥ ಪೊರೆ ಕಣ್ಣಿನ ಕಪ್ಪು ಭಾಗದ ಮುಂದಿರತ್ತೆ. ನಡುವಲ್ಲಿ ಅರ್ಧ ಮಿಲಿಮೀಟರ್ ಚಿಲ್ಲರೆ ದಪ್ಪ, ಅಂಚಿಗೆ ಹೋದಂಗೆ ಸ್ವಲ್ಪ ಜಾಸ್ತಿ. ಕಣ್ಣಿನ ಒಟ್ಟು ಪವರ್ ಸುಮಾರು 60 ಡಯಾಪ್ಟರ್ (ಕನ್ನಡಕದ ನಂಬರ್ ಹೇಳೋದೂ ಇದೇ ಅಳತೆಯಲ್ಲಿ), ಅದ್ರಲ್ಲಿ 43ರ ಹತ್ರ ಈ ಒಂದು ಪೊರೆಯದ್ದೇ, ಒಳಗಿನ ಲೆನ್ಸಿಂದು ಉಳಿದದ್ದು. ಹಾಗಾಗಿ ಕಾರ್ನಿಯಾದ ಬಾಗು ಕೂದಲೆಳೆಯಷ್ಟು ಬದಲಾದ್ರೂ ದೃಷ್ಟಿ ಕೆಡತ್ತೆ. ಅದ್ರ ಜೊತೆಗೆ ಕಣ್ಣಿನೊಳಗಿನ ಪ್ರೆಷರ್, ನಾರ್ಮಲ್ ಅಂದ್ರೆ 10ರಿಂದ 21 ಮಿಲಿಮೀಟರ್ ಪಾದರಸ, ಹಗಲೂ ರಾತ್ರಿ ಒಳಗಿಂದ ನೂಕ್ತಾ ಇರತ್ತೆ. ಬಗ್ಗಬಾರ್ದು, ಉಬ್ಬಬಾರ್ದು, ಅದೇ ಹೊತ್ತಿಗೆ ಗಾಜಿನಂಗೆ ಸ್ವಚ್ಛವಾಗೂ ಇರ್ಬೇಕು, ರಕ್ತನಾಳ ಒಂದೂ ಇರಂಗಿಲ್ಲ. ಇಷ್ಟೆಲ್ಲ ಕಂಡೀಷನ್ ಹಾಕಿ ಒಬ್ಬ ಇಂಜಿನಿಯರಿಗೆ ಮೆಟೀರಿಯಲ್ ಮಾಡ್ಕೊಡು ಅಂದ್ರೆ ಅವ್ನು ಕೆಲ್ಸ ಬಿಟ್ಟು ಓಡ್ತಾನೆ.

ಕಾರ್ನಿಯಾದ ನೂರರಲ್ಲಿ 90 ಭಾಗ ಸ್ಟ್ರೋಮಾ ಅನ್ನೋ ನಡುಪದರ. ಅದ್ರಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ, ಉಳಿದದ್ರಲ್ಲಿ ದೊಡ್ಡ ಪಾಲು ಕೊಲಾಜೆನ್, ಅದೂ ಮುಖ್ಯವಾಗಿ ಟೈಪ್ 1. ಇದೇ ಟೈಪ್ 1 ಮೂಳೆಯಲ್ಲೂ ಇದೆ, ಚರ್ಮದಲ್ಲೂ ಇದೆ, ಕಣ್ಣಿನ ಬಿಳಿ ಭಾಗದಲ್ಲೂ ಇದೆ. ಬಿಳಿ ಭಾಗ ಯಾಕೆ ಬಿಳಿ, ಕಾರ್ನಿಯಾ ಯಾಕೆ ಗಾಜು, ಎರಡೂ ಒಂದೇ ನೂಲಾದ್ರೆ? ಅಲ್ಲೇ ನೇಯ್ಗೆಯ ಮಾತು ಬರೋದು. ಬಿಳಿ ಭಾಗದಲ್ಲಿ ಎಳೆಗಳು ಕೆಲವು ದಪ್ಪ ಕೆಲವು ಸಣ್ಣ, ಹೇಗೆ ಬೇಕೋ ಹಾಗೆ ಒಂದ್ರ ಮೇಲೊಂದು ಬಿದ್ದಿರ್ತವೆ, ಬೆಳಕು ಬಂದದ್ದು ಚೆಲ್ಲಾಪಿಲ್ಲಿ ಆಗತ್ತೆ. ಕಾರ್ನಿಯಾದಲ್ಲಿ ಎಲ್ಲಾ ಎಳೆಯೂ ಹೆಚ್ಚುಕಮ್ಮಿ ಒಂದೇ ಸೈಜು, ಸುಮಾರು 31 ನ್ಯಾನೋಮೀಟರ್, ಒಂದು ತಲೆಕೂದಲಿನ ಅಗಲಕ್ಕೆ ಇಂಥ ಎಳೆ ಎರಡು ಸಾವಿರಕ್ಕಿಂತ ಜಾಸ್ತಿ ಪಕ್ಕಪಕ್ಕ ಹಿಡೀತವೆ, ಎಳೆ ಎಳೆಯ ನಡುವಿನ ಅಂತರವೂ ಹತ್ರಹತ್ರ ಒಂದೇ. ಬೆಳಕಿನ ಅಲೆಗಿಂತ ಇವೆಲ್ಲ ಎಷ್ಟೋ ಸಣ್ಣದು, ಅದ್ರ ಮೇಲೆ ಅಚ್ಚುಕಟ್ಟು ಜೋಡಣೆ, ಹಾಗಾಗಿ ಪಕ್ಕಕ್ಕೆ ಚೆದುರೋ ಬೆಳಕು ಒಂದನ್ನೊಂದು ಅಳಿಸಿ ಹಾಕತ್ತೆ, ನೇರ ಹೋಗೋದು ಮಾತ್ರ ಉಳಿಯತ್ತೆ. ಡೇವಿಡ್ ಮಾರಿಸ್ ಅನ್ನೋರು 1957ರಲ್ಲೇ ಈ ಲೆಕ್ಕ ಮುಂದಿಟ್ರು, ಆಮೇಲೆ ತಿದ್ದುಪಡಿ ಆಗಿದೆ, ಮೂಲ ವಿಚಾರ ನಿಂತಿದೆ.

ಈ ಎಳೆಗಳ ನಡುವೆ ಅಂತರ ಕಾಯೋರು ಬೇರೆ ಇದಾರೆ, ಪ್ರೋಟಿಯೋಗ್ಲೈಕಾನ್ ಅಂತ, ಸಕ್ಕರೆ ಸರಪಣಿ ಹೊತ್ತ ಪ್ರೋಟೀನು, ನೀರು ಎಳ್ಕೊಂಡು ಉಬ್ಬೋದೇ ಇವುಗಳ ಗುಣ. ಬಿಟ್ರೆ ಕಾರ್ನಿಯಾ ನೀರಿಗೆ ಹಾಕಿದ ಅವಲಕ್ಕಿಯಂಗೆ ಊದ್ಕೊಂಡು ಮಂಜಾಗಿ ಬಿಡತ್ತೆ. ಹಿಂದಿನ ಒಂದೇ ಸಾಲು ಜೀವಕೋಶ ದಿನವಿಡೀ ಪಂಪ್ ಹೊಡೆದು ನೀರು ಹೊರಗೆ ಹಾಕ್ತಿರತ್ತೆ.

ಇನ್ನು ಗಟ್ಟಿತನ. ಈ ಎಳೆಗಳೆಲ್ಲ ಸೇರಿ ಪಟ್ಟಿ ಪಟ್ಟಿಯಾಗಿ ಮಲಗಿರ್ತವೆ, ನಡುಭಾಗದಲ್ಲಿ ಇಂಥ ಪಟ್ಟಿಗಳು 200ಕ್ಕಿಂತ ಜಾಸ್ತಿ ಪದರ. ನಮ್ಮೂರಲ್ಲಿ ಅಜ್ಜಿ ಮುಂಡುಗದ ಓಲೆಯಲ್ಲಿ ಚಾಪೆ ಹೆಣೀತಿದ್ರು, ಹೊಸ ಚಾಪೆಯನ್ನ ಉದ್ದಕ್ಕೆ ಎಳೆದ್ರೂ ಅಡ್ಡಕ್ಕೆ ಎಳೆದ್ರೂ ಜಪ್ಪಯ್ಯ ಅನ್ನಲ್ಲ, ಯಾಕಂದ್ರೆ ಓಲೆ ಒಂದ್ರೊಳಗೊಂದು ಹೊಕ್ಕಿರತ್ತೆ. ಅದೇ ಓಲೆಗಳನ್ನ ಹೆಣೆಯದೆ ಬರೀ ಒಂದ್ರ ಮೇಲೊಂದು ಪೇರಿಸಿಟ್ರೆ? ದಪ್ಪ ಅಷ್ಟೇ, ಆದ್ರೆ ಕಾಲಿಟ್ರೆ ಜಾರತ್ತೆ. ಕಾರ್ನಿಯಾದಲ್ಲಿ ಎರಡೂ ತರ ಇದೆ. ಮುಂಭಾಗದಲ್ಲಿ ಪಟ್ಟಿಗಳು ಓರೆಯಾಗಿ ಒಂದ್ರೊಳಗೊಂದು ತೂರಿ ಹೆಣೆದುಕೊಂಡಿರ್ತವೆ, ಕೆಲವು ಹೋಗಿ ಮೇಲಿನ ಬೋಮನ್ ಪದರಕ್ಕೇ ಬೇರು ಬಿಟ್ಟಿರ್ತವೆ. ಹಿಂಭಾಗಕ್ಕೆ ಹೋದಂಗೆ ಹೆಣಿಗೆ ಕಮ್ಮಿ, ಪದರಗಳು ಸುಮ್ನೆ ಪೇರಿಸಿದಂಗೆ. ಸತ್ತವ್ರ ಕಣ್ಣಿಂದ ತೆಗೆದ ಕಾರ್ನಿಯಾವನ್ನ ಪದರ ಪದರವಾಗಿ ಎಳೆದು ನೋಡಿದ ಪ್ರಯೋಗ 2008ರಲ್ಲಿ ಬಂತು, ಮುಂದಿನ 40 ಪರ್ಸೆಂಟ್ ಭಾಗವೇ ಎಲ್ಲಕ್ಕಿಂತ ಗಟ್ಟಿ, ಹಿಂದಿನ 60 ಪರ್ಸೆಂಟ್ ಅದಕ್ಕಿಂತ ಎಷ್ಟೋ ದುರ್ಬಲ ಅಂತ ಗೊತ್ತಾಯ್ತು. ಈ 40ರ ಲೆಕ್ಕ ನೆನಪಿಟ್ಕೊಳ್ಳಿ, ಲೇಸಿಕ್ ಬಂದಾಗ ಮತ್ತೆ ಬರತ್ತೆ.

ದಿಕ್ಕೂ ಇದೆ ಇದಕ್ಕೆ. ವೇಲ್ಸಿನ ಕಾರ್ಡಿಫಲ್ಲಿ ಕೀತ್ ಮೀಕ್ ಅನ್ನೋರ ಗುಂಪು ಕಾರ್ನಿಯಾದ ಮೂಲಕ ಬಲವಾದ ಎಕ್ಸ್‌ರೇ ಹಾಯಿಸಿ ಎಳೆಗಳು ಯಾವ ಕಡೆ ಓಡ್ತವೆ ಅಂತ ವರ್ಷಗಟ್ಲೆ ಮ್ಯಾಪ್ ಮಾಡಿದಾರೆ. ನಡುಭಾಗದಲ್ಲಿ ಎಳೆಗಳು ಹೆಚ್ಚಾಗಿ ಮೇಲೆ ಕೆಳಗೆ, ಮತ್ತೆ ಮೂಗಿಂದ ಕಿವಿ ಕಡೆಗೆ, ಅಂಚಲ್ಲಿ ಬಳೆಯಂಗೆ ಸುತ್ತ. ಕೆರಟೋಕೋನಸ್ ಕಣ್ಣನ್ನ ಹಾಗೇ ನೋಡಿದಾಗ ಉಬ್ಬಿದ ಜಾಗದ ಸುತ್ತ ಈ ಜೋಡಣೆಯೇ ಕಲಸಿ ಹೋಗಿತ್ತು. 2005ರ ಆ ಲೇಖನದಲ್ಲಿ ಅವ್ರ ವಾದ ಏನಂದ್ರೆ ಅಲ್ಲಿ ಕೊಲಾಜೆನ್ ಕರಗಿ ಖಾಲಿಯಾಗಿದ್ದೇ ಕಾರಣ ಅನ್ಬೇಕಾಗಿಲ್ಲ, ಪದರಗಳು ಒಂದ್ರಿಂದೊಂದು ಬಿಟ್ಟು ಜಾರಿದ್ರೂ ಹೀಗೇ ತೆಳುವಾಗತ್ತೆ. ನನಗೆ ಇದೇ ಒಪ್ಪಿಗೆಯಾಗೋದು. ಹಳೇ ಚಾಪೆ ನಡುವಲ್ಲಿ ತೆಳುವಾಗೋದು ಓಲೆ ಮಾಯವಾಗಿ ಅಲ್ಲ, ಹೆಣಿಗೆ ಸಡಿಲಾಗಿ ಓಲೆ ಪಕ್ಕಕ್ಕೆ ಸರಿದು.

ಇನ್ನೊಂದು ಗುಣ ಇದೆ, ಇದು ಗೊತ್ತಿಲ್ದೇ ಇದ್ರೆ ಕಣ್ಣುಜ್ಜೋದು ಯಾಕೆ ಕೆಟ್ಟದ್ದು ಅಂತ ಅರ್ಥ ಆಗಲ್ಲ. ಕೊಲಾಜೆನ್ ಎಳೆಗಳು ಸುಮ್ನೆ ಇದ್ದಾಗ ಸ್ವಲ್ಪ ಸುಕ್ಕು ಸುಕ್ಕಾಗಿರ್ತವೆ, ನಿಧಾನ ಎಳೆದ್ರೆ ಮೊದ್ಲು ಸುಲಭಕ್ಕೆ ಬರತ್ತೆ, ಸುಕ್ಕು ಬಿಟ್ಟು ನೆಟ್ಟಗಾದ್ಮೇಲೆ ಒಮ್ಮೆಲೆ ಬಿಗಿ, ಬಾವಿ ಹಗ್ಗ ಕೊಡದ ಭಾರಕ್ಕೆ ಬಿಗಿದಂಗೆ. ಆದ್ರೆ ಬಿಗಿದಂಗೇ ಹಿಡ್ಕೊಂಡ್ರೆ, ಇಲ್ಲಾ ಸಾವಿರ ಸಲ ಎಳೆದು ಬಿಟ್ಟು ಮಾಡಿದ್ರೆ, ನೀರು ತುಂಬಿದ ಈ ಮೆಟೀರಿಯಲ್ಲು ಚಪಾತಿ ಕಣಕದಂಗೆ ಸ್ವಲ್ಪ ಸ್ವಲ್ಪವೇ ಸೋಲತ್ತೆ. ಅಂದ್ರೆ ರಬ್ಬರ್ ಅಲ್ಲ, ಕಬ್ಬಿಣವೂ ಅಲ್ಲ, ಎರಡರ ನಡುವೆ. ಅದಕ್ಕೇ ಕಾರ್ನಿಯಾ ಇಷ್ಟು ಗಟ್ಟಿ ಅಂತ ಒಂದೇ ನಂಬರ್ ಯಾರೂ ಕೊಡಲ್ಲ, ಯಾವ ವೇಗಕ್ಕೆ ಎಳೆದ್ರಿ, ಎಷ್ಟು ನೀರಿತ್ತು, ವಯಸ್ಸೆಷ್ಟು, ಎಲ್ಲದ್ರ ಮೇಲೂ ಉತ್ತರ ಬದಲಾಗತ್ತೆ.

ನಮ್ಮ ಹುಡುಗನ ಕತೆಗೆ ಬನ್ನಿ. ಡಾಕ್ಟ್ರು ಅವ್ನಿಗೆ ಕೇಳಿದ ಮೊದಲ ಪ್ರಶ್ನೆ, "ಕಣ್ಣು ಉಜ್ಜತೀಯಾ?" ಅವ್ನು ಇಲ್ಲ ಅಂದ. ಅಮ್ಮ ಪಕ್ಕದಲ್ಲೇ ಇದ್ರು, "ಅಯ್ಯೋ, ಇಲ್ವಾ? ಬೆಳಿಗ್ಗೆ ಎದ್ದ ತಕ್ಷಣ ಮುಷ್ಟಿ ಮಾಡ್ಕೊಂಡು ಕಡಗೋಲು ತಿರುಗ್ಸಿದಂಗೆ ತಿರುಗಿಸ್ತಾನೆ" ಅಂದ್ರು. ಸಣ್ಣದ್ರಿಂದ ಅಲರ್ಜಿ, ಕಣ್ಣು ಕಡಿತ. ಮೇಲಿಂದ ದಿನಾ ಲೋಕಲಲ್ಲಿ ಬಾಗಿಲ ಹತ್ರ ನಿಂತು ಕಾಲೇಜಿಗೆ ಹೋಗೋದು, ದಿವಾ ಮುಂಬ್ರಾ ದಾಟೋವಷ್ಟ್ರಲ್ಲಿ ಅಷ್ಟೂ ಧೂಳು ಕಣ್ಣಿಗೆ. ಕಡಿತ ಬಂದ್ರೆ ಯಾರಾದ್ರೂ ಉಜ್ಜತಾರೆ ಬಿಡಿ, ಉಜ್ಜಿದ್ರೆ ಹಿತ ಆಗತ್ತೆ, ನಾನೇ ಉಜ್ಜತೀನಿ. ಆದ್ರೆ ಗೆಣ್ಣಿನಿಂದ ಒತ್ತಿ ಉಜ್ಜಿದಾಗ ಕಣ್ಣಿನೊಳಗಿನ ಪ್ರೆಷರ್ ಆ ಕ್ಷಣಕ್ಕೆ ಎಷ್ಟೋ ಪಟ್ಟು ಏರತ್ತೆ, ಪದರಗಳು ಒಂದ್ರ ಮೇಲೊಂದು ತಿಕ್ಕತ್ತವೆ. ಬರೀ ಬಲದ ಮಾತಲ್ಲ ಇದು, ಆರೋಗ್ಯವಾಗಿರೋ ಜನಕ್ಕೆ 60 ಸೆಕೆಂಡ್ ಕಣ್ಣುಜ್ಜೋಕೆ ಹೇಳಿ ಕಣ್ಣೀರು ಪರೀಕ್ಷೆ ಮಾಡಿದ್ರೆ ಕೊಲಾಜೆನ್ ಕತ್ತರಿಸೋ ಕಿಣ್ವಗಳೂ ಉರಿಯೂತದ ಅಂಶಗಳೂ ಹೆಚ್ಚಾಗಿದ್ವು, 2013ರ ಪ್ರಯೋಗ. ದಿನಕ್ಕೆ ಹತ್ತು ಸಲ, ಹತ್ತು ವರ್ಷ ಉಜ್ಜಿದೋರ ಕತೆ ನೀವೇ ಲೆಕ್ಕ ಹಾಕಿ. ಉಜ್ಜೋದೇ ಮೂಲ ಕಾರಣ, ಉಜ್ಜದೇ ಇದ್ರೆ ಕೋನಸ್ಸೇ ಇಲ್ಲ ಅಂತ ಪ್ಯಾರಿಸಿನ ಡಾಮಿಯನ್ ಗಾಟಿನೆಲ್ ಹೇಳ್ತಾರೆ, ಎಲ್ಲ ಡಾಕ್ಟ್ರೂ ಅಷ್ಟು ದೂರ ಹೋಗಲ್ಲ, ಹುಟ್ಟಿನಿಂದ್ಲೇ ನೇಯ್ಗೆ ದುರ್ಬಲ ಇರೋರು ಇದಾರೆ, ಒಂದೇ ಮನೆಯಲ್ಲಿ ಇಬ್ರಿಗೆ ಬರೋದೂ ಇದೆ. ನನ್ನ ಅಭಿಪ್ರಾಯ ಕೇಳಿದ್ರೆ ಬೇರು ಎಲ್ಲೇ ಇರ್ಲಿ, ನಮ್ಮ ಕೈಯಲ್ಲಿ ಇರೋದು ಉಜ್ಜೋದೊಂದೇ, ಹಾಗಾಗಿ ಅಲರ್ಜಿಗೆ ಡ್ರಾಪ್ಸ್ ಹಾಕ್ಸೋದು ಕನ್ನಡಕ ಮಾಡ್ಸೋದಕ್ಕಿಂತ ಮುಂಚಿನ ಕೆಲ್ಸ.

ಎಷ್ಟು ಜನಕ್ಕಿದೆ ಇದು? ಹಳೇ ಪಠ್ಯಪುಸ್ತಕದಲ್ಲಿ ಅಮೆರಿಕದ ಮಿನೆಸೋಟಾದ 1986ರ ಲೆಕ್ಕ ಇರತ್ತೆ, ಲಕ್ಷಕ್ಕೆ 54 ಚಿಲ್ಲರೆ, ಅಂದ್ರೆ ಎರಡು ಸಾವಿರಕ್ಕೆ ಒಬ್ರು. ನಾವೂ ಅದನ್ನೇ ಉರುಹೊಡೆದು ಪಾಸಾದೋರು. ಆದ್ರೆ ನಮ್ಮದೇ ಮಹಾರಾಷ್ಟ್ರದ ನಾಗಪುರ ಕಡೆ ಹಳ್ಳಿಗಳಲ್ಲಿ 30 ದಾಟಿದೋರ ಕಣ್ಣು ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟ ಮಾಡಿದ್ರು, ಕಾರ್ನಿಯಾ 48 ಡಯಾಪ್ಟರ್ ಅಥವಾ ಅದಕ್ಕಿಂತ ಕಡಿದಾಗಿರೋರು 2.3 ಪರ್ಸೆಂಟ್. ಈ ಅಳತೆಗೋಲಿನ ಬಗ್ಗೆ ತಕರಾರಿದೆ, ಕಡಿದಾಗಿದ್ದಕ್ಕೆಲ್ಲ ಕೆರಟೋಕೋನಸ್ ಅನ್ನೋಕಾಗಲ್ಲ, ಅದು ಸರಿ. ಆದ್ರೂ ಎರಡು ಸಾವಿರಕ್ಕೆ ಒಂದು ಎಲ್ಲಿ, ನೂರಕ್ಕೆ ಎರಡು ಎಲ್ಲಿ, ಮಾರಾಯ್ರೆ. ಅದೇ ಜನರಲ್ಲಿ ಕಾರ್ನಿಯಾದ ಸರಾಸರಿ ದಪ್ಪ 514 ಮೈಕ್ರಾನ್ ಅಂತ ಬಂದಿತ್ತು. ಪುಸ್ತಕದಲ್ಲಿರೋ 540 ಓದ್ಕೊಂಡು ನನ್ನ 515 ಕಮ್ಮಿ ಅಂತ ನಿದ್ದೆಗೆಡೋ ಐಟಿ ಹುಡುಗ್ರಿಗೆ ಇದನ್ನ ಹೇಳ್ತೀನಿ, ತೆಳು ಅಂದ ಮಾತ್ರಕ್ಕೆ ರೋಗ ಅಲ್ಲಪ್ಪಾ ಅಂತ. ಹಾಗೇ 560 ಇದೆ ಅಂತ ಎದೆಯುಬ್ಬಿಸ್ಕೊಂಡು ಬಂದೋರಿಗೆ ಇದ್ರ ಉಲ್ಟಾ ಹೇಳ್ಬೇಕಾಗತ್ತೆ.

ಲೇಸಿಕಲ್ಲಿ ಏನಾಗತ್ತೆ ನೋಡಿ. ಮೊದ್ಲು ಮುಂಭಾಗದಲ್ಲಿ ಒಂದು ಮುಚ್ಚಳದಂಗೆ ಫ್ಲಾಪ್ ಕತ್ತರಿಸ್ತಾರೆ, ಸುಮಾರು 110 ಮೈಕ್ರಾನ್. ಅದನ್ನ ಎತ್ತಿ ಒಳಗೆ ಲೇಸರಿಂದ ಕೆತ್ತಿ ಮುಚ್ಚಳ ವಾಪಸ್ ಮುಚ್ತಾರೆ. ಕೆತ್ತೋದು ಒಂದೊಂದು ನಂಬರಿಗೆ 12ರಿಂದ 15 ಮೈಕ್ರಾನ್. ಈಗ ಕಾರ್ನಿಯಾ 514 ಇದೆ, ನಂಬರು ಮೈನಸ್ 8, ನಂಬರಿಗೆ 14ರಂತೆ 112 ಹೋಯ್ತು, ಫ್ಲಾಪಿಂದು 110, ಒಟ್ಟು 222. ಉಳಿದದ್ದು 292. ಕನಿಷ್ಠ 250 ಉಳಿದ್ರೆ ಸಾಕು ಅನ್ನೋ ಹಳೇ ನಿಯಮದಲ್ಲಿ ಇದು ಪಾಸು. ಆದ್ರೆ 514ರಲ್ಲಿ 222 ಅಂದ್ರೆ 43 ಪರ್ಸೆಂಟ್, ಅದೂ ಮುಂಭಾಗದ್ದು, ಅಂದ್ರೆ ಹೆಣಿಗೆ ಇರೋ ಗಟ್ಟಿ ಭಾಗ ಹೆಚ್ಚುಕಮ್ಮಿ ಪೂರ್ತಿ ಲೆಕ್ಕದಿಂದ ಹೊರಗೆ. ಮುಚ್ಚಳ ವಾಪಸ್ ಕೂತಿದೆಯಲ್ಲ ಅಂತ ಕೇಳ್ಬಹುದು. ಕೂತಿದೆ, ಆದ್ರೆ ಅಂಟೋದು ಅಂಚಲ್ಲಿ ಮಾತ್ರ ಸ್ವಲ್ಪ, ನಡುವಲ್ಲಿ ಕತ್ತರಿಸಿದ ಎಳೆ ಮೊದಲಿನಂಗೆ ಕೂಡೋದೇ ಇಲ್ಲ, ವರ್ಷಗಟ್ಲೆ ಆದ್ಮೇಲೂ. ಭಾರ ಹೊರೋದು ಕೆಳಗೆ ಉಳಿದ ಪೇರಿಸಿಟ್ಟ ಓಲೆಗಳೇ. 40 ಪರ್ಸೆಂಟ್ ದಾಟಿದ್ರೆ ಅಪಾಯ ಜಾಸ್ತಿ ಅಂತ 2014ರಿಂದ ಡಾಕ್ಟ್ರುಗಳು ಲೆಕ್ಕ ಹಾಕೋದು ಇದಕ್ಕೇ.

ನಾನು ಲೇಸಿಕ್ ವಿರೋಧಿ ಅಲ್ಲ, ನನ್ನ ತಂಗಿಯೇ ಮಾಡಿಸ್ಕೊಂಡು ಹನ್ನೊಂದು ವರ್ಷ ಆಯ್ತು, ಆರಾಮಾಗಿದಾಳೆ. ಸರಿಯಾಗಿ ಆರಿಸಿದ ಕಣ್ಣಲ್ಲಿ ಆಮೇಲೆ ಉಬ್ಬೋದು ಬಹಳ ಅಪರೂಪ. ಆದ್ರೆ ಉಬ್ಬೋ ಕಣ್ಣು ಯಾವ್ದು? ಮೊದಲೇ ಒಳಗೊಳಗೇ ನೇಯ್ಗೆ ಸಡಿಲ ಇದ್ದು, ನಂಬರು ಮಾತ್ರ ಮಾಮೂಲಿ ಮೈನಸ್ಸಂಗೆ ತೋರಿಸ್ತಿದ್ದ ಕಣ್ಣು. ಅದಕ್ಕೇ ದಪ್ಪದ ಜೊತೆಗೆ ಮುಂದೆ ಹಿಂದೆ ಎರಡೂ ಮೈಯ ಮ್ಯಾಪ್ ನೋಡ್ಬೇಕು, ಅಪ್ಪ ಅಮ್ಮ ಅಣ್ಣ ತಂಗಿಯ ಕಣ್ಣು ವಿಚಾರಿಸ್ಬೇಕು, ಎರಡು ವರ್ಷದ ಹಳೇ ಚೀಟಿ ತೆಗೆಸಿ ನಂಬರು ನಿಂತಿದೆಯಾ ನೋಡ್ಬೇಕು. ಈಗ ಗಟ್ಟಿತನವನ್ನೇ ಅಳೆಯೋ ಮಿಷಿನೂ ಬಂದಿದೆ, ಕಣ್ಣಿಗೆ ಫುಸ್ ಅಂತ ಗಾಳಿ ಹೊಡೆದು ಕಾರ್ನಿಯಾ ಒಳಗೆ ಬಾಗಿ ವಾಪಸ್ ಬರೋದನ್ನ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಜಾಸ್ತಿ ಫ್ರೇಮಲ್ಲಿ ಫೋಟೋ ಹೊಡಿಯತ್ತೆ. ನಿಧಾನ ಮಾಡಿ ನೋಡಿದ್ರೆ ಕೆರೆಗೆ ಕಲ್ಲು ಬಿದ್ದಂಗೆ ಅಲೆ ಕಾಣತ್ತೆ. ಸೋತ ಕಾರ್ನಿಯಾ ಬೇಗ ಬಾಗತ್ತೆ, ಜಾಸ್ತಿ ಆಳಕ್ಕೆ ಹೋಗತ್ತೆ. ಎಲ್ಲಾ ಕಡೆ ಈ ಮಿಷಿನಿಲ್ಲ, ಇದ್ದ ಕಡೆ ಬಿಲ್ಲಲ್ಲಿ ಅದಕ್ಕೆ ಬೇರೆ ದುಡ್ಡು ಅಂದ್ರೆ ಜನ ಬೇಡ ಅಂತಾರೆ. ಕಣ್ಣಿನ ಮೇಲೆ ಲಕ್ಷ ರೂಪಾಯಿ ಖರ್ಚು ಮಾಡೋಕೆ ರೆಡಿ ಇರೋರು ಟೆಸ್ಟಿಗೆ ಚೌಕಾಸಿ ಮಾಡೋದು ನಂಗಿನ್ನೂ ಅರ್ಥ ಆಗಿಲ್ಲ. ಫ್ಲಾಪೇ ಇಲ್ದೆ ಸಣ್ಣ ತೂತಿಂದ ಒಳಗಿನ ತುಣುಕು ಎಳೆದು ತೆಗೆಯೋ ಸ್ಮೈಲ್ ಬಂದಿದೆ, ಮುಂಭಾಗದ ಹೆಣಿಗೆ ಹೆಚ್ಚು ಉಳಿಯತ್ತೆ ಅನ್ನೋ ತರ್ಕ ಚೆನ್ನಾಗಿದೆ, ಆದ್ರೆ ಅದಾದ್ಮೇಲೂ ಉಬ್ಬಿದ ಕೇಸುಗಳು ವರದಿಯಾಗಿವೆ, ಹಾಗಾಗಿ ಸೋತ ಕಣ್ಣಿಗೆ ಅದೂ ರಕ್ಷೆ ಅಲ್ಲ.

ಒಂದು ವಿಚಿತ್ರ ಹೇಳ್ತೀನಿ. ಲೇಸಿಕ್ ಆದ್ಮೇಲೆ ಕಾರ್ನಿಯಾ ಉಬ್ಬತ್ತೆ ಅಂತ 1998ರಲ್ಲಿ ಮೊದಲು ಬರೆದೋರಲ್ಲಿ ಜರ್ಮನಿಯ ಥಿಯೋ ಸೈಲರ್ ಒಬ್ರು. ಉಬ್ಬಿದ್ದನ್ನ ನಿಲ್ಲಿಸೋ ಉಪಾಯ ಡ್ರೆಸ್ಡೆನಲ್ಲಿ ಕಂಡುಹಿಡಿದ ಗುಂಪಲ್ಲೂ ಅವ್ರೇ ಇದ್ರು, ಜೊತೆಗೆ ಸ್ಪೋರ್ಲ್ ಮತ್ತು ವೊಲ್ಲೆನ್ಸಾಕ್. ಸುಳಿವು ಎಲ್ಲಿತ್ತು ಅಂದ್ರೆ, ಡಯಾಬಿಟಿಸ್ ಇರೋರಲ್ಲಿ ಕೆರಟೋಕೋನಸ್ ಅಷ್ಟಾಗಿ ಕಾಣಲ್ಲ, ವಯಸ್ಸು 40ರ ಹತ್ರ ಬಂದ್ರೆ ಇದ್ದದ್ದೂ ನಿಧಾನ ಆಗತ್ತೆ. ಯಾಕಂದ್ರೆ ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ರೂ, ವಯಸ್ಸಾದ್ರೂ, ಕೊಲಾಜೆನ್ ಎಳೆಗಳ ನಡುವೆ ಹೆಚ್ಚಿನ ಗಂಟುಗಳು ಬೀಳ್ತವೆ, ಮೆಟೀರಿಯಲ್ ಬಿಗಿಯಾಗತ್ತೆ. ನಮ್ಮ ದೇಹ ತಾನೇ ಲೈಸಿಲ್ ಆಕ್ಸಿಡೇಸ್ ಅನ್ನೋ ತಾಮ್ರದ ಕಿಣ್ವ ಇಟ್ಕೊಂಡು ಈ ಗಂಟು ಹಾಕ್ತಾ ಇರತ್ತೆ, ಕೆರಟೋಕೋನಸ್ಸಲ್ಲಿ ಅದ್ರ ಕೆಲಸ ಕಮ್ಮಿ ಅಂತ ಹಲವು ಕಡೆ ಕಂಡಿದೆ. ಹಾಗಾದ್ರೆ ಹೊರಗಿಂದ ನಾವೇ ಗಂಟು ಹಾಕಿದ್ರೆ?

ಅದೇ ಇಲ್ಲಿ ಎಲ್ರೂ ಸಿ-ತ್ರೀ-ಆರ್ ಅಂತ ಕರೆಯೋ ಟ್ರೀಟ್‌ಮೆಂಟು, ಮನುಷ್ಯರ ಮೇಲಿನ ಮೊದಲ ವರದಿ 2003ದು, ಅಮೆರಿಕದವ್ರು ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ. ಮೇಲಿನ ತೆಳು ಚರ್ಮ ಕೆರೆದು ತೆಗೀತಾರೆ, ಯಾಕಂದ್ರೆ ಔಷಧಿ ಅದನ್ನ ದಾಟಿ ಇಳಿಯಲ್ಲ. ಔಷಧಿ ಯಾವ್ದು? ರೈಬೋಫ್ಲಾವಿನ್, ವಿಟಮಿನ್ ಬಿ2, ಬಿ ಕಾಂಪ್ಲೆಕ್ಸ್ ನುಂಗಿದ್ರೆ ಮೂತ್ರ ಹಳದಿ ಆಗತ್ತಲ್ಲ, ಅದೇ ಹಳದಿ. ಡ್ರಾಪ್ಸ್ ಹಾಕ್ತಾ ಹಾಕ್ತಾ ಕಾರ್ನಿಯಾ ಅರಿಶಿನ ನೀರಿನಂಗೆ ಆಗತ್ತೆ. ಆಮೇಲೆ 370 ನ್ಯಾನೋಮೀಟರಿನ ಅಲ್ಟ್ರಾವಯಲೆಟ್ ಬೆಳಕು, ಮೂಲ ಡ್ರೆಸ್ಡೆನ್ ಪದ್ಧತಿಯಲ್ಲಿ 30 ನಿಮಿಷ, ಈಗ ಬೆಳಕು ಹೆಚ್ಚಿಸಿ 10 ನಿಮಿಷಕ್ಕೂ ಮಾಡ್ತಾರೆ. ಬೆಳಕು ಬಿದ್ದ ರೈಬೋಫ್ಲಾವಿನ್ ಆಮ್ಲಜನಕವನ್ನ ಕೆರಳಿಸಿ ಕೊಲಾಜೆನ್ ಅಣುಗಳ ನಡುವೆ ಹೊಸ ಬಂಧ ಹಾಕ್ಸತ್ತೆ. ಹಲ್ಲಿನ ಡಾಕ್ಟ್ರು ಸಿಮೆಂಟ್ ತುಂಬಿ ನೀಲಿ ಲೈಟ್ ಹಿಡಿದು ಗಟ್ಟಿ ಮಾಡ್ತಾರಲ್ಲ, ಅದನ್ನ ನೋಡಿದೋರಿಗೆ ಇದು ಬೇಗ ಹಿಡಿಯತ್ತೆ. ದಾನದ ಕಣ್ಣುಗಳ ಕಾರ್ನಿಯಾದ ತುಂಡು ಎಳೆದು ನೋಡಿದಾಗ ಬಿಗಿ ಮೂರರಷ್ಟಕ್ಕಿಂತ ಜಾಸ್ತಿ ಏರಿತ್ತು. ಗಮನಿಸಿ, ಒಂದು ಮೈಕ್ರಾನ್ ಕೊಲಾಜೆನ್ನೂ ಹೊಸದಾಗಿ ಸೇರಿಸಿಲ್ಲ, ಇದ್ದ ನೂಲಿಗೇ ಗಂಟು ಬಿತ್ತು ಅಷ್ಟೇ. ಬಂಧ ಬೀಳೋದು ಎಳೆಯೊಳಗೆ ಮತ್ತೆ ಎಳೆಯ ಮೈಮೇಲೆ, ಪಕ್ಕದ ಎಳೆಗೆ ನೇರ ಸೇತುವೆ ಕಟ್ಟೋಕೆ ಅಂತರ ಜಾಸ್ತಿ ಆಯ್ತು. ಪರಿಣಾಮ ಮುಂದಿನ 300 ಮೈಕ್ರಾನಿಗೆ ನಿಲ್ಲತ್ತೆ, ಅದಕ್ಕೇ ಕನಿಷ್ಠ 400 ದಪ್ಪ ಬೇಕು ಅಂತಾರೆ, ಇಲ್ಲಾಂದ್ರೆ ಬೆಳಕು ಹಿಂದಿನ ಪಂಪ್ ಕೋಶಗಳನ್ನ ಸುಡತ್ತೆ. ಅಂದ್ರೆ ದಪ್ಪ ನೋಡೋದು ಬೇಡ ಅಂತಲ್ಲ, ನೋಡಿ, ಆದ್ರೆ ಯಾವ ಕೆಲ್ಸಕ್ಕೆ ಅಂತ ತಿಳ್ಕೊಂಡು ನೋಡಿ.

ಇಲ್ಲಿ ಜನಕ್ಕೆ ಆಗೋ ದೊಡ್ಡ ಮೋಸ, ಮೋಸ ಅಂದ್ರೆ ಯಾರೂ ಮಾಡಿದ್ದಲ್ಲ, ತಪ್ಪು ತಿಳ್ಕೊಂಡಿದ್ದು: ಸಿ-ತ್ರೀ-ಆರ್ ಆದ್ರೆ ಕನ್ನಡಕ ಹೋಗತ್ತೆ ಅಂತ. ಹೋಗಲ್ಲ. ಉಬ್ಬೋದು ನಿಲ್ಲತ್ತೆ, ಕೆಲವ್ರಿಗೆ ಒಂದೆರಡು ಡಯಾಪ್ಟರ್ ಚಪ್ಪಟೆ ಆಗತ್ತೆ, ಅಷ್ಟೇ. ನಮ್ಮ ಹುಡುಗನೂ ಇದನ್ನ ಮಾಡಿಸ್ಕೊಂಡು ಮೂರು ದಿನ ಕಣ್ಣು ಬಿಡೋಕಾಗದೆ ಕಿಟಕಿಗೆ ಬೆಡ್‌ಶೀಟ್ ಕಟ್ಕೊಂಡು ಮಲಗಿದ್ದ, ಆಮೇಲೆ ಬೋರ್ಡ್ ಓದೋಕೆ ಕೂತಾಗ ಅದೇ ನೆರಳು ಕಂಡು ಮುಖ ಸಣ್ಣ ಮಾಡ್ಕೊಂಡ. ಸ್ಪಷ್ಟ ಕಾಣೋಕೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಬೇಕು, ಅದು ಕಾಣಿಸತ್ತೆ ಆದ್ರೆ ರೋಗ ತಡೆಯಲ್ಲ, ಸಿ-ತ್ರೀ-ಆರ್ ತಡೆಯತ್ತೆ ಆದ್ರೆ ಕಾಣಿಸಲ್ಲ. ಎರಡೂ ಬೇರೆ ಬೇರೆ ಕೆಲ್ಸ ಅಂತ ಅವನ ಅಪ್ಪಂಗೆ ಅರ್ಥ ಮಾಡ್ಸೋಕೆ ನಂಗೆ ಎರಡು ಚಾ ಬೇಕಾಯ್ತು.

ಅದೇ ಚಾ ಕುಡೀತಾ ಅವ್ರು ಕೇಳಿದ್ರು, "ಹೆಂಡ್ತಿ ಕೊಲಾಜೆನ್ ಪೌಡರ್ ತರ್ಸಿದಾಳೆ, ಇವ್ನಿಗೂ ಹಾಲಿಗೆ ಹಾಕಿ ಕೊಡ್ಲಾ?" ಕೊಡಿ, ಕಣ್ಣಿಗೆ ಅಂತ ಮಾತ್ರ ಕೊಡ್ಬೇಡಿ ಅಂದೆ. ತಿಂದ ಕೊಲಾಜೆನ್ ಹೊಟ್ಟೆಯಲ್ಲಿ ಚೂರುಚೂರಾಗಿ ಅಮೈನೋ ಆಮ್ಲ, ಸಣ್ಣ ತುಣುಕು ಆಗತ್ತೆ, ಬೇಳೆ ಸಾರು ಮೀನು ಗಸಿ ತಿಂದ್ರೂ ಕಡೆಗೆ ಅದೇ ಸಾಮಾನು ಸಿಗೋದು. ಅದು ನೆಟ್ಟಗೆ ಹೋಗಿ ಕಾರ್ನಿಯಾದ ಹರಿದ ಜಾಗಕ್ಕೆ ಕೂತು, ಸರಿಯಾದ ದಿಕ್ಕಿಗೆ ಮಲಗಿ, ಪಕ್ಕದ ಎಳೆಗೆ ಗಂಟು ಹಾಕ್ಕೊಳ್ಳತ್ತೆ ಅನ್ನೋದು ಗೋಣಿಚೀಲದಲ್ಲಿ ಹತ್ತಿ ತಂದು ಹರಿದ ಸೀರೆ ಮೇಲೆ ಸುರಿದಂಗೆ.

ಹೊರಗಿನ ಕೊಲಾಜೆನ್ ಕಣ್ಣಿಗೆ ಕೆಲ್ಸ ಮಾಡಿದ ಒಂದು ದಾರಿ ಇದೆ, ಅದು ಹೊಟ್ಟೆಯ ದಾರಿ ಅಲ್ಲ. ಸ್ವೀಡನ್ನಿನ ಗುಂಪೊಂದು ಹಂದಿ ಚರ್ಮದ ಕೊಲಾಜೆನ್ ಶುದ್ಧ ಮಾಡಿ, ಎರಡು ಸಲ ಗಂಟು ಹಾಕ್ಸಿ, ಜೀವಕೋಶ ಇಲ್ಲದ ಪಾರದರ್ಶಕ ಹಾಳೆ ಮಾಡ್ತು, ಅದನ್ನ ಕೆರಟೋಕೋನಸ್ ಮುಂದುವರೆದ 20 ಜನರ ಕಾರ್ನಿಯಾದೊಳಗೆ ಸಣ್ಣ ಜೇಬು ಮಾಡಿ ತೂರ್ಸಿದ್ರು, ಕೆಲವ್ರಿಗೆ ಇರಾನಲ್ಲಿ, ಕೆಲವ್ರಿಗೆ ನಮ್ಮ ದಿಲ್ಲಿಯ ಏಮ್ಸಲ್ಲಿ. 2022ರಲ್ಲಿ ಫಲಿತಾಂಶ ಬಂತು, ಮೊದಲು ಕುರುಡು ಅನ್ನೋ ಮಟ್ಟದಲ್ಲಿದ್ದ 14 ಜನರಲ್ಲಿ ಎರಡು ವರ್ಷದ ನಂತ್ರ ಯಾರೂ ಆ ಮಟ್ಟದಲ್ಲಿ ಉಳೀಲಿಲ್ಲ. ಸಣ್ಣ ಪ್ರಯೋಗ, ಅಂಗಡಿಗೆ ಬರೋಕೆ ಸಮಯ ಇದೆ. ಕಣ್ಣು ದಾನಕ್ಕೆ ಕಾಯೋ ಸಾಲು ನೋಡಿದ್ರೆ ಬೇಗ ಬರ್ಲಿ ಅನ್ಸತ್ತೆ.

ಪ್ರೆಷರ್ ಅಳತೆಗೂ ಇದಕ್ಕೂ ಸಂಬಂಧ ಇದೆ, ಚಿಕ್ಕದಾಗಿ ಹೇಳಿಬಿಡ್ತೀನಿ, ಯಾಕಂದ್ರೆ ಇದು ನಮ್ಮ ರಿಟೈರ್ ಆದ ಮಾಮಂದ್ರಿಗೆ ಬೇಕು. ಗ್ಲಾಕೋಮಾ, ಅಂದ್ರೆ ಕಣ್ಣಿನ ನರ ಹಾಳು ಮಾಡೋ ರೋಗ, ಅದನ್ನ ನೋಡೋಕೆ ಡಾಕ್ಟ್ರು ಕಾರ್ನಿಯಾವನ್ನ ಒತ್ತಿ ಪ್ರೆಷರ್ ಅಳೀತಾರೆ, ಆ ಗೋಲ್ಡ್‌ಮನ್ ಮಿಷಿನಿನ ಲೆಕ್ಕ 520 ಮೈಕ್ರಾನಿನ ಕಾರ್ನಿಯಾ ಅಂತ ಇಟ್ಕೊಂಡಿದ್ದು. ತೆಳು ಅಥವಾ ಮೆತ್ತಗಿನ ಕಾರ್ನಿಯಾ ಸುಲಭಕ್ಕೆ ಒತ್ತಿಕೊಳ್ಳತ್ತೆ, ರೀಡಿಂಗ್ ಕಮ್ಮಿ ಬರತ್ತೆ, ಒಳಗೆ ಜಾಸ್ತಿನೇ ಇದ್ರೂ. ಯಾವಾಗ್ಲೋ ಲೇಸಿಕ್ ಮಾಡಿಸಿದ್ರೆ 20 ವರ್ಷ ಆಗಿದ್ರೂ ಅದನ್ನ ಡಾಕ್ಟ್ರಿಗೆ ಹೇಳಿ.

ಈಗ ನಾನು ಅಂಗಡಿಯಲ್ಲಿ ಒಂದು ಪದ್ಧತಿ ಮಾಡ್ಕೊಂಡಿದೀನಿ. 25 ವಯಸ್ಸಿನೊಳಗೆ ಸಿಲಿಂಡರ್ ವರ್ಷದೊಳಗೆ ಮುಕ್ಕಾಲು ಏರಿದ್ರೆ, ಎರಡೂ ಕಣ್ಣಿಗೆ ಅಜಗಜಾಂತರ ಇದ್ರೆ, ಇಲ್ಲಾ ಕತ್ತರಿ ಕಂಡ್ರೆ, ಕನ್ನಡಕದ ಆರ್ಡರ್ ಬರೆಯಲ್ಲ, ಚೀಟಿ ಮೇಲೆ ಟೋಪೋಗ್ರಫಿ, ಅಂದ್ರೆ ಆ ಕಾರ್ನಿಯಾದ ಮ್ಯಾಪ್, ಅಂತ ಬರೆದು ಕಳಿಸ್ತೀನಿ. ವ್ಯಾಪಾರಕ್ಕೆ ಹೊಡೆತ ಬೀಳತ್ತೆ, ಪರ್ವಾಗಿಲ್ಲ. ನಮ್ಮ ಬಿಲ್ಡಿಂಗಿನ ಹುಡುಗ ಮೊನ್ನೆ ಚೆಕಪ್ಪಿಗೆ ಬಂದಿದ್ದ, 19 ಈಗ, ಮ್ಯಾಪ್ ಹೋದ ವರ್ಷದ್ದೇ ಇದೆ, ಕತ್ತರಿ ಇನ್ನೂ ಇದೆ, ಇರತ್ತೆ ಅದು. "ಅಂಕಲ್, ಎಡಗಣ್ಣು?" ಅಂತ ಕೇಳ್ದ. ಎಡಗಣ್ಣಲ್ಲೂ ಶುರುವಾಗಿದೆ ಸಣ್ಣದಾಗಿ, ಆರು ತಿಂಗಳಿಗೊಮ್ಮೆ ನೋಡ್ತಿದಾರೆ.

ಹೋದ ಶನಿವಾರ ಇನ್ನೊಬ್ಬ ಬಂದ, ಕಲ್ಯಾಣ ಕಡೆಯವ್ನು, 21 ವರ್ಷ, ಬಲಗಣ್ಣು 2.50 ಸಿಲಿಂಡರ್, ಹೋದ ವರ್ಷದ ಚೀಟಿಯಲ್ಲಿ 1.25. ಸ್ಕ್ಯಾನ್ ಮಾಡ್ಸಪ್ಪಾ ಮೊದ್ಲು ಅಂದೆ. ಇಂಟರ್ವ್ಯೂ ಇದೆ ಸೋಮವಾರ, ಕನ್ನಡಕ ಇವತ್ತೇ ಬೇಕು ಅಂದ, ನಾನು ಆಗಲ್ಲ ಅಂದೆ. ಬೇರೆ ಅಂಗಡಿಯಲ್ಲಿ ಎರಡು ಗಂಟೆಯಲ್ಲಿ ಕೊಡ್ತಾರೆ ಅಂತ ಎದ್ದು ಹೋದ, ಹೋಗ್ತಾ ಬಾಗಿಲಲ್ಲಿ ನಿಂತು ಬಲಗಣ್ಣನ್ನ ಗೆಣ್ಣಿನಿಂದ ಚೆನ್ನಾಗಿ ಉಜ್ಜಿಕೊಂಡ. ಅವನಿಗೆ ಬರೆದ ಚೀಟಿ ಕೌಂಟರಿನ ಗಾಜಿನ ಕೆಳಗೇ ಇದೆ, ಫೋನ್ ನಂಬರ್ ತಗೊಳ್ಳೋಕೆ ನಂಗೆ ಮರೆತು ಹೋಯ್ತು.